ದೋಷ ಪುಡಿಯದೋ, ಕೈಯದೋ?

ರಾಯರ ದರ್ಶನಕ್ಕೆಂದು ಮಂತ್ರಾಲಯಕ್ಕೆ ಹೋಗಿಬರುವ ಕಾಸರಗೋಡಿನವರಿಗೆ ಅಲ್ಲಿಯ ಕನ್ನಡ ಪರಕೀಯವೆನಿಸುವುದಿಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಮಂತ್ರಾಲಯವನ್ನೊಳಗೊಂಡ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಅತ್ತ ಹೋಯಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಎರಡೂ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರಿಗೆ ನೌಕರಿಯ ಬಾಗಿಲು ಕಿರಿದು. ಆದುದರಿಂದ ಸ್ವಂತ ಕಸುಬಿನ ಯೋಚನೆ ಸಹಜ. ಯಾತ್ರಿಕರು ಬಂದಿಳಿಯುವ ಅಲ್ಲಾಗಲಿ, ಹೆದ್ದಾರಿ ಹಾದುಹೋಗುವ ಇಲ್ಲಾಗಲಿ, ಕಾಫಿ ಅಂಗಡಿ ತೆರೆಯಬೇಕೆನ್ನುವ ಯುವಕನಿಗೆ ಇಂದು ಮೊದಲು ಹೊಳೆಯುವುದು ಎಸ್ಪ್ರೆಸೊ ಯಂತ್ರ. ಅದಕ್ಕೆ ಲಕ್ಷಗಟ್ಟಲೆ ಸಾಲ. ಸಾಲಕ್ಕೆ ಕೈಯೊಡ್ಡುವ ಮೊದಲು ಆತ ತಿಳಿಯಬೇಕಾದ ಸಂಗತಿಯೊಂದಿದೆ.

ಎಸ್ಪ್ರೆಸೊ ಎಂದರೆ ಹಬೆಯಿಂದ ನೊರೆಯೆಬ್ಬಿಸಿದ ಮದುವೆಮನೆಯ ಕಾಫಿಯಲ್ಲ. ಒತ್ತಿ ಕೂರಿಸಿದ ನುಣುಪಾದ ಪುಡಿಯ ಮೂಲಕ, ವಾತಾವರಣದ ಸುಮಾರು 9 ಪಟ್ಟು ಒತ್ತಡದಲ್ಲಿ ಬಿಸಿನೀರನ್ನು ಹಾಯಿಸಿ ತೆಗೆದ ಡಿಕಾಕ್ಷನ್ ಅದು. 18 ಗ್ರಾಂ ಪುಡಿಗೆ 36 ಗ್ರಾಂ ಡಿಕಾಕ್ಷನ್, 25ರಿಂದ 30 ಸೆಕೆಂಡುಗಳಲ್ಲಿ. ಇದು ರೂಢಿಯ ಲೆಕ್ಕ.

ಪುಡಿ ತುಂಬುವ ಹಿಡಿಗೆ ಪೋರ್ಟಾಫಿಲ್ಟರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಅಡಿಯಲ್ಲಿ ಒಂದೆರಡು ಮೂತಿಗಳಿರುವುದರಿಂದ ಒಳಗೆ ಏನಾಯಿತೆಂದು ಹೊರಗೆ ತಿಳಿಯದು. ತಳವಿಲ್ಲದ ಹಿಡಿಯೂ ಉಂಟು. ಅದರಲ್ಲಿ ಜಾಲರಿಯ ಅಡಿಭಾಗವೇ ಕಾಣುತ್ತದೆ. ಪುಡಿ ಸಮನಾಗಿ ಕುಳಿತಿದ್ದರೆ ಎಲ್ಲ ತೂತುಗಳಿಂದಲೂ ಹನಿ ಮೂಡಿ, ನಡುವಿಗೆ ಸೇರಿ ಒಂದೇ ಧಾರೆಯಾಗುತ್ತದೆ. ಇಲ್ಲದಿದ್ದರೆ, ಗದ್ದೆಯ ಹುಣಿಯಲ್ಲಿ ಏಡಿ ಕೊರೆದ ಮಾಟೆಯಿಂದ ನೀರು ನುಗ್ಗುವಂತೆ, ಸಡಿಲವಾದ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಬಿಳಚಿದ ಧಾರೆ ಬೇಗ ಬರುತ್ತದೆ. ಕೆಲವೊಮ್ಮೆ ಪಕ್ಕಕ್ಕೆ ಚಿಮ್ಮುತ್ತದೆ. ಆ ದಾರಿಯ ಪುಡಿ ಅತಿಯಾಗಿ ಸೋಸಿ ಕಹಿ ಬಿಡುತ್ತದೆ. ಉಳಿದದ್ದು ಪೂರ್ತಿ ಸಾರ ಬಿಡದೆ ಹುಳಿಯೆನಿಸುತ್ತದೆ. ಒಂದೇ ಲೋಟದಲ್ಲಿ ಎರಡು ದೋಷ!

ಮದ್ದು ಕಷ್ಟದ್ದಲ್ಲ. ಗಂಟುಗಳನ್ನು ತೆಳು ಸೂಜಿಯಿಂದ ಬಿಡಿಸಿ, ಪುಡಿಯನ್ನು ಸಮನಾಗಿ ಹರಡಿ, ವಾಲದಂತೆ ನೇರವಾಗಿ ಒತ್ತಬೇಕು. ಪುಡಿ ಅತಿ ನುಣುಪಾಗಿದ್ದರೆ ತುಸು ತರಿಯಾಗಿ ಬೀಸಬೇಕು. ತಳವಿಲ್ಲದ ಹಿಡಿ ತಾನಾಗಿ ರುಚಿ ಹೆಚ್ಚಿಸುವುದಿಲ್ಲ. ಅದು ತಪ್ಪನ್ನು ತೋರಿಸುತ್ತದೆ, ಅಷ್ಟೆ. ತಿದ್ದಿಕೊಳ್ಳಬೇಕಾದದ್ದು ಕೈ.

ನಮ್ಮ ಮನೆಗಳ ಹಿತ್ತಾಳೆ ಫಿಲ್ಟರಿನಲ್ಲಿ ಈ ಒತ್ತಡವಿಲ್ಲ. ಆದರೂ ನೀರಿನ ಸ್ವಭಾವ ಒಂದೇ. ಪುಡಿ ಒಂದು ಬದಿಗೆ ಗುಡ್ಡೆಯಾಗಿದ್ದರೆ ಡಿಕಾಕ್ಷನ್ ತೆಳುವಾಗುತ್ತದೆ. ನಾವು ಮಾತ್ರ ಪುಡಿಯನ್ನೂ ಅಂಗಡಿಯವನನ್ನೂ ದೂರುತ್ತೇವೆ.

ಸಣ್ಣ ಊರಿನ ಗಿರಾಕಿಗೆ ಇಷ್ಟೆಲ್ಲ ಶಾಸ್ತ್ರ ಬೇಕೇ ಎಂದು ಕೇಳುವವರಿದ್ದಾರೆ. ಗಿರಾಕಿಗೆ ಬೇಡ, ಸಾಲ ತೀರಿಸಬೇಕಾದವನಿಗೆ ಬೇಕು. ಕಿಲೋ ಪುಡಿಯಿಂದ ಈ ಲೆಕ್ಕದಲ್ಲಿ ಸಿಗುವುದು 55 ಸಲದ ಡಿಕಾಕ್ಷನ್. ದಿನಕ್ಕೆ 5 ಸಲ ಕೆಟ್ಟರೆ 11 ದಿನಕ್ಕೊಮ್ಮೆ ಒಂದು ಕಿಲೋ ಪುಡಿ ಚರಂಡಿಗೆ ಹೋದಂತೆ. ರುಚಿ ಕೆಟ್ಟು ಮರಳಿ ಬಾರದ ಗಿರಾಕಿಯ ಲೆಕ್ಕ ಬೇರೆಯೇ.

ಆದುದರಿಂದ ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಗನೋ ಮಗಳೋ ಕಾಫಿ ಅಂಗಡಿಯ ಮಾತೆತ್ತಿದರೆ ಹಗುರವಾಗಿ ಕಾಣಬೇಡಿ; ಹಾಗೆಂದು ಕೂಡಲೇ ಜಮೀನು ಅಡವಿಡಲೂ ಬೇಡಿ. ಬಲ್ಲವರ ಅಂಗಡಿಯಲ್ಲಿ ಆರು ತಿಂಗಳು ದುಡಿದು, ತಳವಿಲ್ಲದ ಹಿಡಿಯಲ್ಲಿ ತಮ್ಮ ತಪ್ಪನ್ನು ತಾವೇ ಕಂಡು ತಿದ್ದಿಕೊಳ್ಳಲಿ. ಯಂತ್ರದ ಮಾತು ಆಮೇಲೆ.