ಕಂಡುಹಿಡಿದದ್ದಲ್ಲ, ಕೇಳಿಕೊಂಡು ಬಂದದ್ದು

'ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?' ಒಂದು ಅಂಕದ ಪ್ರಶ್ನೆ. ವಾಸ್ಕೋ ಡ ಗಾಮ ಎಂದು ಬರೆದು ನಾವೂ ಅಂಕ ತೆಗೆದುಕೊಂಡವರೇ. ಈಗ ನಮ್ಮ ಮಕ್ಕಳೂ ಅದನ್ನೇ ಬಾಯಿಪಾಠ ಮಾಡುತ್ತಿದ್ದಾರೆ. ಇದು ಸರಿಯಲ್ಲ.

ನಡೆದದ್ದು ನೋಡಿ. 1497ರ ಜುಲೈನಲ್ಲಿ ಲಿಸ್ಬನ್ ಬಿಟ್ಟ ಗಾಮ, ಆಫ್ರಿಕಾದ ತುದಿ ಸುತ್ತಿ ಪೂರ್ವ ಕರಾವಳಿಯ ಮಲಿಂದಿಗೆ ಬಂದ. ಅಲ್ಲಿಂದ ಮುಂದೆ ದಾರಿ ಗೊತ್ತಿರಲಿಲ್ಲ. ಮಲಿಂದಿಯ ಅರಸ ದಾರಿ ಬಲ್ಲ ನಾವಿಕನೊಬ್ಬನನ್ನು ಜೊತೆಗೆ ಕಳಿಸಿದ. ಮಳೆಗಾಲದ ಗಾಳಿ ಹಿಡಿದು ಸುಮಾರು ಮೂರೂವರೆ ವಾರದಲ್ಲಿ ಸಮುದ್ರ ದಾಟಿ, 1498ರ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದರು. ದಡಕ್ಕೆ ಹೋದ ಅವರ ಆಳಿಗೆ ಮೊದಲು ಸಿಕ್ಕವರು ಟ್ಯುನಿಸ್ ಊರಿನ ಇಬ್ಬರು. ಅವರಿಗೆ ಸ್ಪೇನಿನ ಭಾಷೆಯೇ ಬರುತ್ತಿತ್ತು! ಅಂದರೆ ಗಾಮನಿಗಿಂತ ಮೊದಲೇ ಜಗತ್ತು ಇಲ್ಲಿಗೆ ಬಂದು ಮೆಣಸು ಕೊಂಡು ಹೋಗುತ್ತಿತ್ತು.

ವಾಪಸಾದ ಕಥೆ ಇನ್ನೂ ಸ್ಪಷ್ಟ. ನಮ್ಮ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ತಂಗಿ, ಅಕ್ಟೋಬರ್ ಮೊದಲ ವಾರದಲ್ಲಿ ಹೊರಟರು. ಗಾಳಿ ತಿರುಗುವವರೆಗೆ ಕಾಯಲಿಲ್ಲ. ಅದೇ ಸಮುದ್ರ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾತು, ಕಾಯಿಲೆ ಬಿದ್ದು ಜನ ಸತ್ತರು. ನಡೆಸಲು ಆಳು ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು. ದಾರಿ ಕಂಡುಹಿಡಿದವರ ಪಾಡು ಹೀಗಿರುತ್ತದೆಯೇ?

ಯುರೋಪಿನಿಂದ ಆಫ್ರಿಕಾ ಸುತ್ತಿ ಇಲ್ಲಿಯವರೆಗೆ ಬಂದದ್ದು ದೊಡ್ಡ ಸಾಹಸ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿಕೊಂಡು ನಮ್ಮೂರಿಗೆ ಬಂದವನು 'ಈ ಊರು ನಾನು ಕಂಡುಹಿಡಿದೆ' ಎಂದರೆ ಒಪ್ಪುತ್ತೀರಾ?

ಪೋರ್ಚುಗೀಸರು ಹೊಸದಾಗಿ ತಂದದ್ದು ಫಿರಂಗಿಯ ವ್ಯಾಪಾರ. 1502ರಲ್ಲಿ ಮತ್ತೆ ಬಂದ ಗಾಮ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಬೆಂಕಿ ಇಟ್ಟ. ಹೆಂಗಸರು, ಮಕ್ಕಳು ಅದರಲ್ಲಿದ್ದರು. ಆಮೇಲೆ ನಮ್ಮ ಸಮುದ್ರದಲ್ಲಿ ಸರಕು ಸಾಗಿಸಲು ಅವರಿಂದಲೇ 'ಕಾರ್ತಾಜ್' ಎಂಬ ಪರವಾನಗಿ ಚೀಟಿ ಪಡೆಯಬೇಕಾಯಿತು. ಚೀಟಿ ಇಲ್ಲದಿದ್ದರೆ ಹಡಗು ಜಪ್ತಿ.

ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಆ ಒಂದು ಅಂಕದ ಪ್ರಶ್ನೆ ಇರಲಿ, ಅದರ ಕೆಳಗೆ ಇನ್ನೊಂದು ಬರೆಸಿ: 'ಗಾಮನಿಗೆ ದಾರಿ ತೋರಿಸಿದವರು ಯಾರು?' ಹುಡುಗರು ಯೋಚಿಸಲಿ.