ಎಕರೆಗೆ 15 ಮನೆ ಅಂದ್ರೆ ಜಾಸ್ತಿನಾ?

ಎಂ.ಎಸ್.ಗೆ ಬಾಸ್ಟನ್ ಕಡೆ ಹೊರಟ ನಮ್ಮ ಸೀನಿಯರ್‌ಗಳು ಯೂನಿವರ್ಸಿಟಿ ರ‍್ಯಾಂಕಿಂಗ್ ಬಗ್ಗೆ ಒಂದು ತಿಂಗಳು ಮಾತಾಡಿದ್ರೆ ಬಾಡಿಗೆ ಬಗ್ಗೆ ಮೂರು ತಿಂಗಳು ಮಾತಾಡ್ತಾರೆ. ಒಂದು ರೂಮಿನಲ್ಲಿ ಎಷ್ಟು ಜನ ಇರಬಹುದು, ಡಾಲರನ್ನು ರೂಪಾಯಿಗೆ ತಿರುಗಿಸಿದ್ರೆ ಎಷ್ಟಾಗುತ್ತೆ, ಎಜುಕೇಶನ್ ಲೋನ್‌ನಲ್ಲಿ ಎಷ್ಟು ಭಾಗ ಬಾಡಿಗೆಗೇ ಹೋಗುತ್ತೆ. ಇಷ್ಟೆಲ್ಲ ಲೆಕ್ಕ ಹಾಕ್ತಾರೆ, ಆದರೆ ಅಲ್ಲಿ ಬಾಡಿಗೆ ಯಾಕೆ ಅಷ್ಟು ಅಂತ ಯಾರೂ ಕೇಳಲ್ಲ. ನಮ್ಮ ಪ್ರಕಾರ ಉತ್ತರದ ಒಂದು ದೊಡ್ಡ ಭಾಗ ಬಾಸ್ಟನ್ ಒಳಗಿಲ್ಲ, ಅದರ ಸುತ್ತ ಇರುವ ಸಣ್ಣ ಊರುಗಳಲ್ಲಿದೆ.

ಅಲ್ಲಿ ಪ್ರತಿ ಊರಿಗೂ ತನ್ನದೇ ಆದ ಜೋನಿಂಗ್ ನಿಯಮ ಇರುತ್ತೆ. ಯಾವ ಬೀದಿಯಲ್ಲಿ ಏನು ಕಟ್ಟಬಹುದು, ಸೈಟ್ ಕನಿಷ್ಠ ಎಷ್ಟು ದೊಡ್ಡದಿರಬೇಕು, ಎಷ್ಟು ಕಾರಿಗೆ ಜಾಗ ಬಿಡಬೇಕು, ಎಲ್ಲವನ್ನೂ ಊರೇ ತೀರ್ಮಾನಿಸುತ್ತೆ. ಈ ಉಪನಗರಗಳ ಬಹುಪಾಲು ಜಾಗದಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಒಂದೇ ಮನೆ. ನಮ್ಮೂರಲ್ಲಿ ಮಾಡೋ ಹಾಗೆ ಮೇಲೆ ಇನ್ನೊಂದು ಫ್ಲೋರ್ ಎಬ್ಬಿಸಿ ಬಾಡಿಗೆಗೆ ಕೊಡ್ತೀವಿ ಅಂದ್ರೆ ಹಲವು ಕಡೆ ಇತ್ತೀಚಿನವರೆಗೂ ಆಗದ ಮಾತು.

2021ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಒಂದು ಕಾನೂನು ತಂತು. ಬಾಸ್ಟನ್‌ನ ರೈಲು-ಬಸ್ ಸಂಸ್ಥೆ ಎಂಬಿಟಿಎಯ ಸೇವೆ ಇರುವ ಅಥವಾ ಅದರ ಪಕ್ಕದಲ್ಲಿರುವ 177 ಊರುಗಳಿಗೆ ಅದು ಅನ್ವಯಿಸುತ್ತೆ. ಊರಿನ ಒಂದು ಭಾಗದಲ್ಲಾದರೂ ಹಲವು ಕುಟುಂಬಗಳಿರುವ ಕಟ್ಟಡಕ್ಕೆ ನೇರ ಅನುಮತಿ ಸಿಗಬೇಕು. ಅಂದ್ರೆ ಪ್ಲಾನ್ ನಿಯಮದ ಪ್ರಕಾರ ಇದ್ದರೆ ಸಾಕು, ಯಾರ ಸ್ಪೆಷಲ್ ಪರ್ಮಿಷನ್ನೂ ಬೇಡ. ಆ ಭಾಗದಲ್ಲಿ ಎಕರೆಗೆ ಕನಿಷ್ಠ 15 ಮನೆಗೆ ಅವಕಾಶ ಇರಬೇಕು.

15 ಅಂದ ತಕ್ಷಣ ನಾವು ಕ್ಯಾಲ್ಕ್ಯುಲೇಟರ್ ತೆಗೆದ್ವಿ. ಎಕರೆ ಅಂದ್ರೆ 43,560 ಚದರಡಿ. ಹದಿನೈದರಿಂದ ಭಾಗಿಸಿದ್ರೆ ಮನೆಗೆ 2,904. ನಮ್ಮ 30x40 ಸೈಟ್ 1,200 ಚದರಡಿ. ರಸ್ತೆ, ಪಾರ್ಕ್ ಅಂತ ಅರ್ಧ ಎಕರೆ ಬಿಟ್ಟುಬಿಟ್ರೂ ಉಳಿದ ಅರ್ಧದಲ್ಲಿ 18 ಸೈಟ್ ಬರುತ್ತೆ. ಅಂದ್ರೆ ಬೆಂಗಳೂರಿನ ಯಾವುದೋ ಮಾಮೂಲಿ ಲೇಔಟ್‌ನಲ್ಲಿ, ಬರೀ ಗ್ರೌಂಡ್ ಫ್ಲೋರ್ ಮನೆಗಳೇ ಇದ್ದರೂ, ಅಲ್ಲಿನವರು ಹೆದರುತ್ತಿರುವುದಕ್ಕಿಂತ ಜಾಸ್ತಿ ಸಾಂದ್ರತೆ ಇರುತ್ತೆ! ನಮ್ಮ ಲೇಔಟ್‌ಗಳೇ ಆದರ್ಶ ಅಂತ ಹೇಳ್ತಿಲ್ಲ, ಮಳೆ ಬಂದ್ರೆ ಅವುಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ಜಗಳ ಗಗನಚುಂಬಿ ಕಟ್ಟಡಗಳ ಬಗ್ಗೆ ಅಲ್ಲ ಅನ್ನೋದನ್ನ ಮೊದಲು ಮನಸ್ಸಿನಲ್ಲಿ ಇಟ್ಕೋಬೇಕು.

ಆ ಜಗಳ ಜೋರಾಗಿ ನಡೆದಿದ್ದು ಮಿಲ್ಟನ್ ಅನ್ನೋ ಊರಲ್ಲಿ. ಬಾಸ್ಟನ್‌ನ ದಕ್ಷಿಣದ ಅಂಚಿಗೆ ಅಂಟಿಕೊಂಡಿದೆ. ಊರಿನ ಪ್ರತಿನಿಧಿಗಳು ಸೇರುವ ಟೌನ್ ಮೀಟಿಂಗ್ ಹೊಸ ಜೋನಿಂಗ್‌ಗೆ ಒಪ್ಪಿತ್ತು. ವಿರೋಧಿಗಳು ಸಹಿ ಸಂಗ್ರಹಿಸಿ ಅದನ್ನ ಜನಮತಕ್ಕೆ ಹಾಕಿಸಿದ್ರು. 2024ರ ಫೆಬ್ರವರಿ 14ರಂದು ಸುಮಾರು 54% ಜನ ಬೇಡ ಅಂದ್ರು. ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋದ್ರು. 2025ರ ಜನವರಿಯಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಕಾನೂನು ಸರಿ ಇದೆ, ಊರುಗಳು ಪಾಲಿಸಲೇಬೇಕು ಅಂತು. ಆದರೆ ಸರ್ಕಾರ ಮಾರ್ಗಸೂಚಿ ಹೊರಡಿಸಿದ ವಿಧಾನ ತಪ್ಪು ಅಂತಲೂ ಹೇಳ್ತು. ಸರ್ಕಾರ ತುರ್ತಾಗಿ ನಿಯಮ ಹೊರಡಿಸಿತು, ಊರು ಮತ್ತೆ ಚರ್ಚೆಗೆ ಕೂರಬೇಕಾಯ್ತು.

ಮಿಲ್ಟನ್‌ನವರ ಎಲ್ಲಾ ವಾದವನ್ನೂ ಸ್ವಾರ್ಥ ಅಂತ ತಳ್ಳಿಹಾಕೋಕೆ ನಮಗೆ ಮನಸ್ಸಿಲ್ಲ. ಊರಿನ ಅಂಚಲ್ಲಿ ಒಂದು ಟ್ರಾಲಿ ಓಡುತ್ತೆ. ಅದರ ಬೋಗಿಗಳು 1940ರ ದಶಕದವು. ಅದನ್ನ ರಾಜ್ಯ ಮೆಟ್ರೋ ಲೆಕ್ಕಕ್ಕೆ ಸೇರಿಸಿ, ಊರಿನಲ್ಲಿರುವ ಮನೆಗಳ 25%ರಷ್ಟು, ಅಂದ್ರೆ 2,461 ಮನೆಗಳಿಗೆ ಜೋನಿಂಗ್‌ನಲ್ಲಿ ಅವಕಾಶ ಕೊಡಿ ಅಂತು. ಇಷ್ಟು ಹಳೇ ಟ್ರಾಲಿಗೆ ಅಷ್ಟು ದೊಡ್ಡ ನಂಬರ್ ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಆದರೆ ಅಷ್ಟೂ ಮನೆ ನಾಳೆನೇ ಕಟ್ಟಬೇಕು ಅಂತ ಯಾರೂ ಹೇಳಿರಲಿಲ್ಲ. ಅದು ಕೆಪ್ಯಾಸಿಟಿ, ಪ್ರೊಡಕ್ಷನ್ ಅಲ್ಲ. ಇಷ್ಟು ಕಟ್ಟಬಹುದು ಅಂತ ಕಾಗದದಲ್ಲಿ ಬರೆಯೋದಕ್ಕೂ, ಯಾವನೋ ಓನರ್ ಇರೋ ಮನೆ ಕೆಡವಿ, ಸಾಲ ತಂದು ಕಟ್ಟೋದಕ್ಕೂ ಎಷ್ಟೋ ವರ್ಷದ ಅಂತರ ಇದೆ.

ನಮಗೆ ನಿಜವಾಗಿ ವಿಚಿತ್ರ ಅನ್ನಿಸಿದ್ದು ಕಾನೂನಿನ ಇನ್ನೊಂದು ಸಾಲು. ಈ ಮನೆಗಳಿಗೆ ವಯಸ್ಸಿನ ನಿರ್ಬಂಧ ಹಾಕಬಾರದು, ಮಕ್ಕಳಿರುವ ಕುಟುಂಬಗಳಿಗೆ ಹೊಂದುವಂತಿರಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಇದನ್ನೂ ಕಾನೂನಿನಲ್ಲಿ ಬರೀಬೇಕಾ? ಬರೀಬೇಕು. ಅಲ್ಲಿ ಶಾಲೆ ಖರ್ಚಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತೆ, ಹಾಗಾಗಿ ಹೊಸ ಮಕ್ಕಳು ಅಂದ್ರೆ ಹೊಸ ಖರ್ಚು. 55 ದಾಟಿದವರಿಗೆ ಮಾತ್ರ ಅಂತ ಅಪಾರ್ಟ್‌ಮೆಂಟ್ ಕಟ್ಟಿದ್ರೆ ಊರು ಬೇಗ ತಲೆಯಾಡಿಸುತ್ತೆ. ನಮ್ಮ ಕ್ಯಾಂಪಸ್ ಸುತ್ತ ಟು-ಲೆಟ್ ಬೋರ್ಡ್ ನೋಡ್ತಾ ಅಲೆದವರಿಗೆ 'ಫ್ಯಾಮಿಲಿಗೆ ಮಾತ್ರ' ಅನ್ನೋದು ಬಾಯಿಪಾಠ. ಅಲ್ಲಿ ಫ್ಯಾಮಿಲಿನೇ ಬೇಡ.

ಈ ಭಯ ಹೊಸದೂ ಅಲ್ಲ. 1926ರಲ್ಲಿ ಯೂಕ್ಲಿಡ್ ಅನ್ನೋ ಊರಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜೋನಿಂಗನ್ನು ಎತ್ತಿಹಿಡಿಯಿತು. ಒಂಟಿ ಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಅಂತ ಕರೆದಿತ್ತು. ಅದರೊಳಗೆ ಇರೋರನ್ನ ಏನಂತ ಕರೀಬೇಕು ಅಂತ ಹೇಳಲಿಲ್ಲ, ಅಷ್ಟೇ.

ಮೀಟಿಂಗ್‌ನಲ್ಲಿ ಎಲ್ಲರೂ ಮಾತಾಡಬಹುದಲ್ವಾ, ಬೇಕಾದವರು ಬಂದು ಬೇಕು ಅನ್ನಲಿ ಅಂತ ನೀವು ಕೇಳಬಹುದು. ಬಾಸ್ಟನ್ ಯೂನಿವರ್ಸಿಟಿಯ ಕ್ಯಾಥರೀನ್ ಐನ್‌ಸ್ಟೈನ್, ಡೇವಿಡ್ ಗ್ಲಿಕ್, ಮ್ಯಾಕ್ಸ್‌ವೆಲ್ ಪಾಮರ್ ಇದನ್ನೇ ಪರೀಕ್ಷೆ ಮಾಡಿದ್ರು. ಅದೇ ರಾಜ್ಯದ 97 ಊರುಗಳ ಪ್ಲಾನಿಂಗ್ ಮತ್ತು ಜೋನಿಂಗ್ ಮೀಟಿಂಗ್‌ಗಳ ನಡಾವಳಿ ತೆಗೆದು, ಮಾತಾಡಿದವರು ಯಾರು ಅಂತ ಹುಡುಕಿದ್ರು. ಅವರಲ್ಲಿ ಊರಿನ ಒಟ್ಟು ಮತದಾರರಿಗೆ ಹೋಲಿಸಿದ್ರೆ ವಯಸ್ಸಾದವರು, ಗಂಡಸರು, ಸ್ವಂತ ಮನೆ ಇರೋರು ಹೆಚ್ಚು. ಹೊಸ ಮನೆಗಳ ಪರವಾಗಿ ಮಾತಾಡಿದವರು ಸುಮಾರು 15% ಮಾತ್ರ. ನಮಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಇನ್ನೂ ಕಟ್ಟದ ಮನೆಯಲ್ಲಿ ಮುಂದೆ ಇರಬೇಕಾದವರು ಈಗ ಆ ಊರಲ್ಲಿ ಇಲ್ಲ. ಅವರಿಗೆ ವೋಟೂ ಇಲ್ಲ, ಮೀಟಿಂಗ್ ಇದೆ ಅನ್ನೋದೂ ಗೊತ್ತಿಲ್ಲ. ಅವರಲ್ಲಿ ಅಲ್ಲಿನ ನರ್ಸ್ ಇದ್ದಾರೆ, ಬಸ್ ಡ್ರೈವರ್ ಇದ್ದಾರೆ, ಎರಡು ಸೂಟ್‌ಕೇಸ್ ಹಿಡಿದು ಇಳಿಯೋ ನಮ್ಮ ಸೀನಿಯರೂ ಇದ್ದಾರೆ.

ಆದರೆ ನಮ್ಮವರು ಆ ಕಡೆಯೂ ಇದ್ದಾರೆ, ಅದನ್ನೂ ಹೇಳಬೇಕು. ಒಳ್ಳೆ ಸ್ಕೂಲ್ ಅಂತ ಹುಡುಕಿ ಇಂಥ ಊರುಗಳಲ್ಲಿ ಮನೆ ತಗೊಂಡ ಭಾರತೀಯರು ಬೇಕಾದಷ್ಟು ಜನ, ಕನ್ನಡದವರೂ ಸೇರಿ. ಅಂಥದ್ದೇ ಒಂದು ಊರು ಲೆಕ್ಸಿಂಗ್ಟನ್. ಅದು 2023ರಲ್ಲೇ, ಬೇರೆಯವರಿಗಿಂತ ಮೊದಲು, ಸುಮಾರು 227 ಎಕರೆಗೆ ಹೊಸ ಜೋನಿಂಗ್ ಒಪ್ಪಿತ್ತು. ಅಂದುಕೊಂಡಿದ್ದಕ್ಕಿಂತ ಬೇಗ ಬಿಲ್ಡರ್‌ಗಳ ಅರ್ಜಿ ಬಂದವು. 2025ರಲ್ಲಿ ಊರು ಆ ಜಾಗವನ್ನ ಅರ್ಧಕ್ಕಿಂತ ಕಡಿಮೆ ಮಾಡಿತು. ಬಾಗಿಲು ತೆರೆದಾಗ ಜನ ನಿಜವಾಗಿ ಬರ್ತಾರೆ ಅಂತ ಗೊತ್ತಾದ ಮೇಲೆ ಅರ್ಧ ಮುಚ್ಚಿದ್ರು.

ವಿರೋಧಿಗಳ ಒಂದು ಮಾತನ್ನ ಮಾತ್ರ ನಾವು ಪೂರ್ತಿ ಒಪ್ಪುತ್ತೇವೆ. ಅಪಾರ್ಟ್‌ಮೆಂಟ್ ಅಂದ ಮಾತ್ರಕ್ಕೆ ಬಾಡಿಗೆ ಕಡಿಮೆ ಆಗಲ್ಲ. 2021ರ ಕಾನೂನಿನಲ್ಲಿ ಕೈಗೆಟುಕುವ ಬೆಲೆಯ ಷರತ್ತೇ ಇಲ್ಲ. ಊರು ಬೇಕಾದರೆ 10% ಮನೆಗಳನ್ನ ಕಡಿಮೆ ಆದಾಯದವರಿಗೆ ಇಡಿ ಅನ್ನಬಹುದು. ಅದಕ್ಕಿಂತ ಜಾಸ್ತಿ ಕೇಳಬೇಕಾದರೆ ಲೆಕ್ಕ ಹಾಕಿ ತೋರಿಸಬೇಕು. ನಮ್ಮ ಪ್ರಕಾರ ಆ 10% 'ಬೇಕಾದರೆ' ಆಗಿರಬಾರದು, ಕಡ್ಡಾಯ ಆಗಬೇಕು. ಆದರೆ ಇದೇ ಕೊರತೆ ಹಿಡ್ಕೊಂಡು ರಿಜೋನಿಂಗೇ ಬೇಡ ಅನ್ನೋರು ಆ ಷರತ್ತು ಸೇರಿಸಿ ಅಂತ ಯಾವಾಗ ಕೇಳಿದ್ರು ಅಂತಲೂ ನೋಡಬೇಕು.

ಈ ವರ್ಷ ಹೊರಡುವ ಸೀನಿಯರ್‌ಗಳಿಗೆ ಒಂದು ಕೋರಿಕೆ. ಅಲ್ಲಿ ಯಾರಾದರೂ ಕನ್ನಡದ ಅಂಕಲ್-ಆಂಟಿ ಹಬ್ಬಕ್ಕೆ ಮನೆಗೆ ಕರೆದೇ ಕರೀತಾರೆ. ಬಿಸಿಬೇಳೆಬಾತ್ ಎರಡನೇ ಸಲ ಬಡಿಸಿಕೊಂಡ ಮೇಲೆ, ನಿಮ್ಮೂರಿನ ಜೋನಿಂಗ್ ವೋಟಿನಲ್ಲಿ ನೀವು ಯಾವ ಕಡೆ ಇದ್ರಿ ಅಂತ ಒಮ್ಮೆ ಕೇಳಿ ನೋಡಿ.