ಮೊದಲು ಬ್ರೇಕು, ಆಮೇಲೆ ಬೈಕು

ಹಾಸ್ಟೆಲ್ಲಿನ ಸ್ಟ್ಯಾಂಡಿನಲ್ಲಿ ನಿಂತ ಗಾಡಿ ನೋಡಿ ಅದರ ಮಾಲೀಕ ಯಾವ ಸೆಮಿಸ್ಟರ್ ಅಂತ ಹೇಳಿಬಿಡಬಹುದು. ಮೊದಲ ವರ್ಷ ಬಸ್ ಪಾಸು. ಮೂರನೇ ಸೆಮ್ಮಿಗೆ ಊರಿಂದ ಅಪ್ಪನ ಹಳೇ ಸ್ಪ್ಲೆಂಡರ್ ಬರುತ್ತೆ, ಹಿಂದಿನ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿದ ಗುರುತಿನ ಸಮೇತ. ಐದನೇ ಸೆಮ್ ಬರೋ ಹೊತ್ತಿಗೆ ಆ ಸ್ಪ್ಲೆಂಡರ್ ಮರಳಿ ಊರು ಸೇರಿ, ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ 200 ಸಿಸಿ ಗಾಡಿ ಅದೇ ಜಾಗದಲ್ಲಿ ನಿಂತಿರುತ್ತೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮಗೆಲ್ಲ ಶನಿವಾರ ಮಧ್ಯಾಹ್ನ ಊರಿಗೆ ಹೋಗೋದಕ್ಕೆ, ಸೋಮವಾರ ಬೆಳಿಗ್ಗೆ ಫಸ್ಟ್ ಅವರ್‌ಗೆ ಬರೋದಕ್ಕೆ ಗಾಡಿ ಬೇಕೇ ಬೇಕು. ಬಸ್ಸಿನ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ.

ಮೊದಲೇ ಹೇಳಿಬಿಡ್ತೀವಿ, ದೊಡ್ಡ ಗಾಡಿ ತಗೋಬೇಡಿ ಅಂತ ಬುದ್ಧಿ ಹೇಳೋಕೆ ನಾವು ಬಂದಿಲ್ಲ. ಆ ಕೆಲಸಕ್ಕೆ ಮನೇಲಿ ಬೇಕಾದಷ್ಟು ಜನ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಾಗ, ‘ಅಪ್ಪಾ, ರೇಟ್ ಕಡಿಮಿ ಆಗೇತಿ’ ಅಂತ ಊರಿಗೆ ಫೋನ್ ಮಾಡಿದವರಲ್ಲಿ ನಾವೂ ಇದ್ದೀವಿ. ನಮ್ಮ ತಕರಾರು ಬೇರೆ. ‘ಅಪ್‌ಗ್ರೇಡ್’ ಅನ್ನೋ ಮಾತಿಗೆ ನಾವು ಎಂಜಿನ್ ಅಂತ ಅಷ್ಟೇ ಅರ್ಥ ಮಾಡ್ಕೊಂಡಿದ್ದೀವಿ. ಓಡಿಸೋನು ಮಾತ್ರ ಹಳೇ 100 ಸಿಸಿ ಮನುಷ್ಯನೇ ಆಗಿ ಉಳೀತಾನೆ.

ಎಂಜಿನಿಯರಿಂಗ್ ಓದ್ತಾ ಇದ್ದೀವಲ್ಲ, ಲೆಕ್ಕ ಹಾಕೋಣ. ಸ್ಪ್ಲೆಂಡರ್ ಪ್ಲಸ್‌ನದು 97.2 ಸಿಸಿ, ಸುಮಾರು 8 ಪಿಎಸ್. ಡ್ಯೂಕ್ 200ರದು 199.5 ಸಿಸಿ, ಸುಮಾರು 25 ಪಿಎಸ್. ಶಕ್ತಿ ಮೂರು ಪಟ್ಟು. ಹಾಗಂತ ವೇಗ ಮೂರು ಪಟ್ಟಾಗೋದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನ ಸೀಳಿಕೊಂಡು ಹೋಗೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಮೂರರ ಘನಮೂಲ 1.44. ಅಂದ್ರೆ 90ಕ್ಕೆ ಏದುಸಿರು ಬಿಡ್ತಿದ್ದ ಗಾಡಿಯ ಬದಲು 130ಕ್ಕೆ ಏದುಸಿರು ಬಿಡೋ ಗಾಡಿ ಸಿಕ್ತು, ಅಷ್ಟೇ. ಆದ್ರೆ 90 ಇದ್ದದ್ದು 130 ಆದಾಗ ಚಲನಶಕ್ತಿ ಎರಡು ಪಟ್ಟು ದಾಟುತ್ತೆ. ನಿಲ್ಲಿಸುವಾಗ ಅಷ್ಟನ್ನೂ ಎಲ್ಲಾದರೂ ಇಳಿಸಲೇಬೇಕು, ಬ್ರೇಕಿನ ಡಿಸ್ಕಿನಲ್ಲಿ ಬಿಸಿಯಾಗಿ, ಇಲ್ಲಾಂದ್ರೆ ಮುಂದೆ ಹೋಗ್ತಿರೋ ಟ್ರೇಲರಿನಲ್ಲಿ.

ಇಷ್ಟೆಲ್ಲ ಮಾಡಿ ಉಳಿಯೋ ಸಮಯ ಎಷ್ಟು? ಹಾವೇರಿಯಿಂದ ಹಾನಗಲ್ಲಿಗೆ ಸುಮಾರು 35 ಕಿ.ಮೀ. ಸರಾಸರಿ 50ರಲ್ಲಿ ಹೋದ್ರೆ 42 ನಿಮಿಷ, 60ರಲ್ಲಿ ಹೋದ್ರೆ 35. ಏಳು ನಿಮಿಷದಲ್ಲಿ ಒಂದು ಪ್ಲೇಟ್ ಗಿರ್ಮಿಟ್ಟೂ ಮುಗಿಯೋದಿಲ್ಲ.

ಈಗ ಬ್ರೇಕಿನ ವಿಷಯ. ನಮ್ಮ ಕಡೆ ಗಾಡಿ ಕಲಿಸುವಾಗ ಅಪ್ಪನೋ ಕಾಕಾನೋ ಹೇಳೋ ಮೊದಲ ಮಾತು ಒಂದೇ: ‘ಮುಂದಿನ ಬ್ರೇಕ್ ಮುಟ್ಟಬ್ಯಾಡಲೇ, ಪಲ್ಟಿ ಹೊಡಿತೈತಿ.’ ಅವರು ಹೇಳಿದ್ದು ಸುಳ್ಳಲ್ಲ. ಹೊಲದ ದಾರಿ, ಮಣ್ಣು, ಹಿಂದೆ ಹುಲ್ಲಿನ ಹೊರೆ, ವೇಗ 30. ಅಲ್ಲಿ ಮುಂದಿನ ಗಾಲಿ ಲಾಕ್ ಆದ್ರೆ ಬೀಳೋದೇ. ಹಾಗಾಗಿ ನಮ್ಮ ಬಲಗಾಲು ಬ್ರೇಕ್ ಕಲೀತು, ಬಲಗೈ ಕಲೀಲೇ ಇಲ್ಲ. ಡಾಂಬರಿನ ಮೇಲೆ 80, 90ರಲ್ಲಿ ಬಂದಾಗ ಲೆಕ್ಕ ತಿರುಗಾಮುರುಗಾ ಆಗುತ್ತೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತೆ. ಗುರುತ್ವ ಕೇಂದ್ರ ನೆಲದಿಂದ 0.6 ಮೀಟರ್ ಮೇಲೆ, ಗಾಲಿಯಿಂದ ಗಾಲಿಗೆ 1.35 ಮೀಟರ್ ಅಂತ ಇಟ್ಕೊಂಡು ಮಾಡಿ ನೋಡಿ. ಜೋರಾಗಿ ಬ್ರೇಕ್ ಹಾಕಿದಾಗ ಮುಕ್ಕಾಲು ಪಾಲು ಭಾರ ಮುಂದಿನ ಗಾಲಿ ಮೇಲೇ ಇರುತ್ತೆ. ಹಿಂದಿನ ಗಾಲಿ ಹಗುರಾಗಿ ಜಾರೋಕೆ ಶುರು ಮಾಡುತ್ತೆ. ಆ ಜಾರೋದನ್ನೇ ನಮ್ಮ ಹುಡುಗರು ‘ಡ್ರಿಫ್ಟ್’ ಅಂತ ಸ್ಟೇಟಸ್ ಹಾಕೋದು.

ಬರೀ ಹಿಂದಿನ ಬ್ರೇಕಿನಿಂದ ಸಿಗೋ ಮಂದಗತಿ ಹೆಚ್ಚು ಕಡಿಮೆ 3 ಮೀ/ಸೆ². ಎರಡೂ ಸೇರಿಸಿ ಸರಿಯಾಗಿ ಹಿಡಿದ್ರೆ 6 ಸಿಗುತ್ತೆ. 90 ಕಿ.ಮೀ. ವೇಗದಲ್ಲಿದ್ದಾಗ ಹಿಂದಿನ ಬ್ರೇಕೊಂದರಲ್ಲೇ ನಿಲ್ಲೋಕೆ 104 ಮೀಟರ್, ಎರಡರಲ್ಲಿ 52. ‘ಅಯ್ಯೋ’ ಅಂತ ಅಂದುಕೊಳ್ಳೋಕೆ ಹೋಗೋ ಒಂದು ಸೆಕೆಂಡಿನಲ್ಲಿ ಸಾಗೋ 25 ಮೀಟರ್ ಬೇರೆ. ರಾತ್ರಿ ಲೋ ಬೀಮಿನಲ್ಲಿ ಕಾಣೋದೇ ಮೂವತ್ತು ನಲವತ್ತು ಮೀಟರ್. ಡ್ಯೂಕಿನ ಮುಂದಿನ ಡಿಸ್ಕು ಸ್ಪ್ಲೆಂಡರಿನ ಡ್ರಮ್ಮಿಗಿಂತ ಎಷ್ಟೋ ಮೇಲು, 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ 2019ರಿಂದ ಎಬಿಎಸ್ಸೂ ಕಡ್ಡಾಯ. ಆದ್ರೆ ಮುಟ್ಟದೇ ಇರೋ ಲಿವರ್‌ಗೆ ಎಂಥ ಡಿಸ್ಕ್ ಇದ್ದು ಏನು ಪ್ರಯೋಜನ?

ನಮ್ಮ ರಸ್ತೆಗಳೂ ಗೊತ್ತಲ್ಲ. ದೀಪಾವಳಿ ಆಸುಪಾಸು ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ ಅರ್ಧ ರಸ್ತೆ ಗೋವಿನಜೋಳದ ಕಣ. ಒಣಗೋಕೆ ಹಾಕಿದ ಕಾಳು ಚದುರಿ ಟಾರಿನ ಮೇಲೆ ಬಂದ್ರೆ ಅದು ಬಾಲ್ ಬೇರಿಂಗ್ ಇದ್ದಂಗೆ. ಒಣಗಿಸೋರು ನಮ್ಮ ಅಪ್ಪ ಅಮ್ಮಂದಿರೇ, ಅವರಿಗೆ ಬೈಯೋದಕ್ಕೂ ಬಾಯಿ ಬರಲ್ಲ. ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್. ಶಿಗ್ಗಾಂವಿಯವರಿಗಂತೂ ಎನ್‌ಎಚ್ 48 ಹಿಡಿದ್ರೆ ತಿರುಗಾ ದಿಕ್ಕಿನಲ್ಲಿ ಬರೋ ಗಾಡಿಗಳ ಕಾಟ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 74,897 ಜನ ದ್ವಿಚಕ್ರ ವಾಹನದ ಮೇಲಿದ್ದವರು. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ ಇದು.

ನೀರಿನ ಮೇಲಿನ ಕತೆಯೂ ಇದೇ. ವರದಾ, ಧರ್ಮಾ ನದಿಯಲ್ಲೋ ಮದಗ ಮಾಸೂರು ಕೆರೆಯಲ್ಲೋ ಪವರ್‌ಬೋಟ್ ಓಡಿಸೋರು ನಮ್ಮಲ್ಲಿ ಯಾರೂ ಇಲ್ಲ, ಆದ್ರೆ ರಾತ್ರಿ ಹನ್ನೆರಡಕ್ಕೆ ಅದರ ವಿಡಿಯೋ ನೋಡೋರು ರೂಮಿಗೊಬ್ಬರು ಇದ್ದಾರೆ. ಅಲ್ಲೂ ಜನ ಕೆರೆಯಲ್ಲಿ ಸುತ್ತೋ ಸಣ್ಣ ಮೋಟಾರ್ ದೋಣಿ ಮಾರಿ ನೂರಾರು ಅಶ್ವಶಕ್ತಿಯ ದೋಣಿ ತಗೋತಾರೆ. ದೋಣಿಗೆ ಬ್ರೇಕೇ ಇಲ್ಲ. ವೇಗ ಏರಿದಂತೆ ಅದರ ತಳ ನೀರಿನಿಂದ ಮೇಲೆದ್ದು, ಒಂದು ಸಣ್ಣ ಪಟ್ಟಿಯಷ್ಟು ಜಾಗದ ಮೇಲೆ ನಿಂತು ಎಡಕ್ಕೂ ಬಲಕ್ಕೂ ಹೊಯ್ದಾಡೋಕೆ ಶುರು ಆಗುತ್ತೆ. ಅದನ್ನ ಕೈಯಲ್ಲಿ ತಡೆದು ಹಿಡಿಯೋದು ಬೇರೆಯೇ ವಿದ್ಯೆ, ಸಣ್ಣ ದೋಣಿ ಅದನ್ನ ಕಲಿಸಿರೋದಿಲ್ಲ. ಅಮೆರಿಕದಲ್ಲಿ 20 ಅಡಿಗಿಂತ ಸಣ್ಣ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ಭಾರ, ಹೊರಗೆ ಕಟ್ಟೋ ಎಂಜಿನ್ ಆದ್ರೆ ಗರಿಷ್ಠ ಎಷ್ಟು ಅಶ್ವಶಕ್ತಿ ಅಂತ ಒಂದು ಫಲಕವನ್ನೇ ಹಚ್ಚಿರ್ತಾರೆ. 2021ರ ಏಪ್ರಿಲ್‌ನಿಂದ 26 ಅಡಿಗಿಂತ ಸಣ್ಣ ದೋಣಿ ಓಡಿಸೋರು, ಬಿದ್ದ ಕೂಡಲೇ ಎಂಜಿನ್ ಬಂದ್ ಆಗೋ ಸ್ವಿಚ್ಚನ್ನ ಮೈಗೆ ಕಟ್ಟಿಕೊಳ್ಳೋದೂ ಕಡ್ಡಾಯ ಆಗಿದೆ.

ನಮ್ಮ ಬೈಕಿಗೆ ಅಂಥ ಫಲಕ ಇಲ್ಲ. ಗೇರ್ ಬೈಕಿನ ಲೈಸೆನ್ಸ್ ಒಂದು ಸಲ ಕೈಗೆ ಬಂತು ಅಂದ್ರೆ 100 ಸಿಸಿಯೂ ಓಡಿಸಬಹುದು, 1000 ಸಿಸಿಯೂ ಓಡಿಸಬಹುದು. ಯುರೋಪಿನಲ್ಲಿ ಹಾಗಿಲ್ಲ. ಮೊದಲು 125 ಸಿಸಿ, ಆಮೇಲೆ 35 ಕಿಲೋವ್ಯಾಟ್ ಮಿತಿಯ ಗಾಡಿ, ಅದಾದ ಮೇಲೆ ದೊಡ್ಡದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸು. ನಮ್ಮಲ್ಲಿ ಆ ಮೆಟ್ಟಿಲು ಕಾನೂನಿನಲ್ಲಿಲ್ಲ, ನಾವೇ ಕಟ್ಟಿಕೊಳ್ಳಬೇಕು. ಹೋರಿ ಹಬ್ಬ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಕೊಬ್ಬರಿ ಕಟ್ಟಿ ಓಡಿಸೋ ಹೋರಿಯನ್ನ ಸಂತೆಯಿಂದ ತಂದ ಮರುದಿನವೇ ಯಾರೂ ಅಖಾಡಕ್ಕೆ ಬಿಡೋದಿಲ್ಲ. ಮೇಯಿಸಿ, ಓಡಿಸಿ, ಗದ್ದಲಕ್ಕೆ ರೂಢಿ ಮಾಡಿಸ್ತಾರೆ. ಹಗ್ಗ ಹಿಡಿಯೋನೂ ಅದರ ಜೊತೆಗೇ ಪಳಗ್ತಾನೆ.

ದುಡ್ಡಿನ ಮಾತು ಬಿಟ್ರೆ ಈ ಲೇಖನ ಅರ್ಧ ಸುಳ್ಳಾಗುತ್ತೆ. ನಮ್ಮಲ್ಲಿ ಬಹಳ ಜನ ದೊಡ್ಡ ಗಾಡಿ ತಗೊಳ್ಳೋದು ಒಂದು ಪೀಕಿನ ದುಡ್ಡಿನಲ್ಲಿ, ಉಳಿದದ್ದು ಇಎಂಐ. ಗಾಡಿ ತರೋಕೆ ದುಡ್ಡು ಹೇಗೋ ಆಗುತ್ತೆ, ನಡೆಸೋಕೆ ಆಗಲ್ಲ. ಟೈರು ಸವೆದು ನುಣ್ಣಗಾದ್ರೂ ‘ಇನ್ನೊಂದು ಸೆಮ್ ನಡೀತದ’. ಬ್ರೇಕ್ ಪ್ಯಾಡು ಕಿರ್ ಅಂದ್ರೂ ‘ಫೆಸ್ಟ್ ಮುಗೀಲಿ’. ತಲೆ ಮೇಲೆ ರಸ್ತೆ ಬದಿಯಲ್ಲಿ ಮಾರೋ ಅರ್ಧ ಟೋಪಿ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರೋದು 2021ರ ಜೂನ್‌ನಿಂದ ನಿಷಿದ್ಧ, ಆದ್ರೂ ಕೊಳ್ಳೋರು ನಾವೇ. ಸೈಲೆನ್ಸರ್ ಬದಲಾಯಿಸೋಕೆ ಮಾತ್ರ ಎಲ್ಲಿಂದಲೋ ದುಡ್ಡು ಬರುತ್ತೆ! ನಮ್ಮ ಪ್ರಕಾರ ಗಾಡಿಯ ಬಜೆಟ್ಟಿನಲ್ಲಿ ಮೊದಲು ಎರಡು ಹೊಸ ಟೈರು, ಪ್ಯಾಡು, ಒಂದು ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್ಟಿನ ದುಡ್ಡು ಪಕ್ಕಕ್ಕೆ ತೆಗೆದಿಡಬೇಕು. ಉಳಿದದ್ದರಲ್ಲಿ 200 ಸಿಸಿ ಬರದಿದ್ರೆ 150 ತಗೊಳ್ಳೋದು. ಇದನ್ನ ಹೇಳಿದ್ದಕ್ಕೆ ನಮ್ಮ ರೂಮಿನಲ್ಲೇ ಇಬ್ಬರು ಮಾತು ಬಿಟ್ಟಿದ್ದಾರೆ, ಇರಲಿ.

ಬರೆದು ಸುಮ್ಮನಾಗೋ ಬದಲು ಒಂದು ಕೆಲಸ ಮಾಡೋಣ ಅಂತಿದ್ದೀವಿ. ಭಾನುವಾರ ಬೆಳಿಗ್ಗೆ ಕ್ಯಾಂಪಸ್ಸಿನ ಹಿಂದಿನ ಡಾಂಬರು ರಸ್ತೆ ಖಾಲಿ ಇರುತ್ತೆ. ಅನುಮತಿ ಕೇಳಿ, ಅಡ್ಡಲಾಗಿ ಸುಣ್ಣದ ಗೆರೆ ಎಳೆದು, 30ರಲ್ಲಿ ಬಂದು ಒಮ್ಮೆ, 40ರಲ್ಲಿ ಬಂದು ಒಮ್ಮೆ ನಿಲ್ಲಿಸೋದು. ಮೊದಲು ಹಿಂದಿನ ಬ್ರೇಕೊಂದರಲ್ಲಿ, ಆಮೇಲೆ ಎರಡರಲ್ಲೂ. ಮುಂದಿನ ಲಿವರ್ ಗಬಕ್ಕನೆ ಹಿಡಿಯೋ ಹಾಗಿಲ್ಲ, ನಿಂಬೆಹಣ್ಣು ಹಿಂಡಿದಂಗೆ ಹಿಡಿಯೋದು, ಹ್ಯಾಂಡಲ್ ನೆಟ್ಟಗಿದ್ದಾಗ ಮಾತ್ರ. ಮಣ್ಣು, ಮರಳು ಇದ್ದ ಕಡೆ ಬೇಡ. ಲೆಕ್ಕದ ಪ್ರಕಾರ 40ರಲ್ಲಿ ಸುಮಾರು 20 ಮೀಟರ್ ಮತ್ತು 10 ಮೀಟರ್ ಬರಬೇಕು. ಎಷ್ಟು ಬರುತ್ತೋ ಬರೆದಿಡೋಣ. ಸ್ಕೂಟಿಯವರೂ ಬರಬಹುದು, ಅಪ್ಪನ ಎಕ್ಸೆಲ್ ತಂದ್ರೂ ನಡಿಯುತ್ತೆ. ಹೆಲ್ಮೆಟ್ ಇಲ್ಲದವರಿಗೆ ಟೇಪ್ ಹಿಡಿಯೋ ಕೆಲಸ. ಟೇಪು ಸರ್ವೆ ಲ್ಯಾಬಿನಿಂದ ಸಿವಿಲ್‌ನವರು ತರಬೇಕು, ಸುಣ್ಣ ನಾವು ತರ್ತೀವಿ.